ಜಿಯು-ಜಿಟ್ಸುವಿನ ಮೊದಲ ನಾಲ್ಕು ಪಟ್ಟು: ಯಾವುದು ಮೊದಲು, ಎಲ್ಲಿ ಜಾರುತ್ತದೆ, ಯಾವಾಗ ಬಿಡಬೇಕು

"ಅಣ್ಣಾ, ಕೈ ಸಿಗ್ತದ್ರಿ. ಆದ್ರ ನಿಲ್ಲಂಗಿಲ್ಲ."

ಭಾನುವಾರ ಬೆಳಿಗ್ಗೆ ನಮ್ಮ ಮ್ಯಾಟ್ ಮೇಲೆ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ಕಲಬುರಗಿಯ ಸೇಡಂ ರಸ್ತೆ ಕಡೆ ಒಂದು ಮನೆಯ ಮಹಡಿಯಲ್ಲಿ ನಾವು ಹತ್ತು ಹನ್ನೆರಡು ಜನ ಬ್ರೆಜಿಲಿಯನ್ ಜಿಯು-ಜಿಟ್ಸು ಆಡುತ್ತೇವೆ. ಎದುರಾಳಿಯನ್ನು ನೆಲದ ಮೇಲೆ ಹಿಡಿದು, ಕೀಲನ್ನೋ ಕುತ್ತಿಗೆಯನ್ನೋ ಒತ್ತಿ ಸೋಲೊಪ್ಪಿಸುವ ಆಟ ಇದು. ಅರ್ಧ ಜನ ತಾಲೀಮಿನಲ್ಲಿ ಕುಸ್ತಿ ಆಡಿ ಬಂದವರು. ಇನ್ನರ್ಧ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಬಂದವರು. ಎರಡೂ ಗುಂಪು ಜಾರುವುದು ಒಂದೇ ಜಾಗದಲ್ಲಿ.

ಹೋದ ತಿಂಗಳು ಒಬ್ಬ ಹುಡುಗ, ಎಂಬತ್ತು ಕಿಲೋ ಆಳು, ಅರವತ್ತು ಕಿಲೋದವನ ಎದೆ ಮೇಲೆ ಕೂತಿದ್ದ. ಕೆಳಗಿನವನ ಕೈ ಸಿಕ್ಕಿತು. ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಬಿದ್ದ. ಎಳೆದ. ಮತ್ತೆ ಎಳೆದ. ಮುಖ ಕೆಂಪಾಯಿತು, ಮುಂಗೈ ನರ ಉಬ್ಬಿದವು. ಅರ್ಧ ನಿಮಿಷ ಆದ ಮೇಲೆ ಕೆಳಗಿನವನು ಮೊಣಕೈಯನ್ನು ಮೆಲ್ಲಗೆ ನೆಲದ ಕಡೆ ಜಾರಿಸಿ, ಎದ್ದು ಕೂತು, ಇವನ ಮೇಲೇ ಬಂದ. "ನಿನ್ನ ಕುಂಡಿ ಎಲ್ಲಿತ್ತು ತಮ್ಮಾ?" ಅಂತ ಕೇಳಿದೆ. ಗೊತ್ತಿರಲಿಲ್ಲ. ಪೂರ್ತಿ ಧ್ಯಾನ ಕೈ ಮೇಲೆ. ಅವನು ಕೂತಿದ್ದ ಜಾಗ ಎದುರಾಳಿಯ ಭುಜದಿಂದ ಒಂದು ಗೇಣು ದೂರ ಇತ್ತು. ಆ ಗೇಣಿನಲ್ಲೇ ಮೊಣಕೈ ಹೊರಬಂತು.

ಹಾಗಾಗಿ ಇಲ್ಲಿ ಪಟ್ಟುಗಳು ನಾಲ್ಕೇ, ಕ್ರಮದ ಮಾತು ಜಾಸ್ತಿ. ಭುಜ ತಿರುಗಿಸುವ ಅಮೆರಿಕಾನಾ ಮತ್ತು ಕಿಮುರಾ, ಹಿಂದಿನಿಂದ ಕುತ್ತಿಗೆ ಒತ್ತುವ ರಿಯರ್ ನೇಕೆಡ್ ಚೋಕ್, ಮೊಣಕೈಯನ್ನು ನೇರ ಮಾಡಿ ಒತ್ತುವ ಆರ್ಮ್‌ಬಾರ್. ಮೊದಲು ಜಾಗ ಹಿಡಿಯಬೇಕು. ಆಮೇಲೆ ಕೈಯನ್ನೋ ಕುತ್ತಿಗೆಯನ್ನೋ ಹಿಡಿಯಬೇಕು. ಆಮೇಲೆ ನಡುವಿನ ಸಂದು ಮುಚ್ಚಬೇಕು. ಒತ್ತುವುದು ಎಲ್ಲಕ್ಕಿಂತ ಕೊನೆಗೆ. ಹೊಸಬರು ಒತ್ತುವುದರಿಂದಲೇ ಶುರು ಮಾಡುತ್ತಾರೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಮನೆಯಲ್ಲಿ ತಮ್ಮನ ಮೇಲೆ ಪ್ರಯೋಗ ಮಾಡಬೇಡಿ. ಗೊತ್ತಿದ್ದವರೊಬ್ಬರು ಪಕ್ಕದಲ್ಲಿ ಕೂತು ನೋಡುತ್ತಿರಬೇಕು. ಅಂಥವರಿಲ್ಲದೆ ಕುತ್ತಿಗೆಯ ಪಟ್ಟು ಮುಟ್ಟಲೇಬೇಡಿ.

## ಬೇಕಾದ ಸಾಮಾನು

ಮೊದಲು ಮ್ಯಾಟ್. ಒಂದಕ್ಕೊಂದು ಜೋಡಿಸುವ ಫೋಮ್ ತುಂಡುಗಳು ಸಿಗುತ್ತವೆ, ಒಂದೊಂದು 1 ಮೀಟರ್ ಚೌಕ. ಇಬ್ಬರು ಉರುಳಾಡಲು 9 ತುಂಡು ಸಾಕು, 16 ಆದರೆ ಆರಾಮ. ದಪ್ಪ 40 ಮಿ.ಮೀ. ಇರಲಿ. ನಾವು ಮೊದಲು ದುಡ್ಡು ಉಳಿಸಲು 20 ಮಿ.ಮೀ. ತಂದೆವು. ನಮ್ಮ ಕಡೆ ಮನೆಗಳ ನೆಲ ಶಹಾಬಾದ್ ಕಲ್ಲು. ಮೊಣಕಾಲಿಗೆ ಫೋಮ್ ಇದೆ ಅಂತಲೇ ಅನಿಸಲಿಲ್ಲ. ಜಮಖಾನೆ, ಹಾಸಿಗೆ ಎರಡೂ ಬೇಡ. ಜಮಖಾನೆ ಜಾರುತ್ತದೆ, ಹಾಸಿಗೆಯಲ್ಲಿ ಪಾದ ಹೂತು ಮೊಣಕಾಲು ತಿರುಚುತ್ತದೆ.

ಬಟ್ಟೆ: ಈ ನಾಲ್ಕು ಪಟ್ಟಿಗೆ ದಪ್ಪ ಅಂಗಿ ಬೇಕಿಲ್ಲ, ಅದನ್ನು ಗೀ ಅನ್ನುತ್ತಾರೆ. ಮೈಗೆ ಅಂಟುವ ಟೀ ಶರ್ಟ್, ಜೇಬು ಮತ್ತು ಜಿಪ್ ಇಲ್ಲದ ಚಡ್ಡಿ ಸಾಕು. ಜೇಬಿನಲ್ಲಿ ಬೆರಳು ಸಿಕ್ಕಿಕೊಂಡರೆ ಮುರಿಯುವುದು ಬೆರಳೇ. ಉಂಗುರ, ಕಡಗ, ತಾಯಿತ, ಕೊರಳಿನ ದಾರ ಎಲ್ಲ ಬಿಚ್ಚಿ ಚೀಲದಲ್ಲಿಡಿ. ಉಗುರು ಕತ್ತರಿಸಿ, ಕಾಲಿನದೂ. ಹಲ್ಲಿಗೆ ಮೌತ್‌ಗಾರ್ಡ್ ಹಾಕಿ. ಸಮಯ ನೋಡಲು ಮೊಬೈಲ್ ಇದ್ದೇ ಇದೆ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಆರಕ್ಕೂ ಮಹಡಿ ಕಾದ ಹಂಚೇ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಐದೂವರೆಗೆ ಶುರು ಮಾಡಿ ಏಳಕ್ಕೆ ಮುಗಿಸಿ. ಉಪ್ಪು ಹಾಕಿದ ಮಜ್ಜಿಗೆ ಒಂದು ಬಾಟಲಿ ತನ್ನಿ. ಆಡುವ ಎರಡು ತಾಸು ಮೊದಲು ರೊಟ್ಟಿ ಊಟ ಬೇಡ. ಹೊಟ್ಟೆ ಮೇಲೆ ಒಬ್ಬ ಆಳು ಕೂರುತ್ತಾನೆ, ನೆನಪಿರಲಿ.

ಬೆವರು ಜಾಸ್ತಿ ಇರುವ ಕಡೆ ಗಜಕರ್ಣವೂ ಜಾಸ್ತಿ. ಮೈಮೇಲೆ ಉಂಗುರದ ಹಾಗೆ ಕೆಂಪು ಕಲೆ, ತುರಿಕೆ ಕಂಡರೆ ಅವತ್ತಿನಿಂದ ಮ್ಯಾಟ್ ಹತ್ತಬೇಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಇನ್ನೂ ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ. ಆಟ ಮುಗಿದ ಮೇಲೆ ಪ್ರತಿ ದಿನ ಮ್ಯಾಟ್ ಒರೆಸಿ.

## ಹಂತ 1: ಟ್ಯಾಪ್ ಮಾಡುವುದು

ಸೋತೆ, ಬಿಡು ಅಂತ ಹೇಳುವ ಗುರುತು ಟ್ಯಾಪ್. ಪಟ್ಟು ಕಲಿಯುವ ಮೊದಲು ಇದನ್ನು ಕಲಿಯಬೇಕು. ಹೊಸಬರು ಇದನ್ನು ಕೈ ಬೀಸಿ ದಾಟಿಬಿಡುತ್ತಾರೆ.

ಅಂಗೈಯಿಂದ ಎದುರಾಳಿಯ ಮೈಮೇಲೆ ಎರಡು ಮೂರು ಸಲ ಜೋರಾಗಿ ತಟ್ಟಿ. ಮ್ಯಾಟ್ ಮೇಲೆ ತಟ್ಟಿದರೆ ಅವನಿಗೆ ಕೇಳದೆ ಇರಬಹುದು. ಎರಡೂ ಕೈ ಸಿಕ್ಕಿಹಾಕಿಕೊಂಡಿದ್ದರೆ ಕಾಲಿನಿಂದ ನೆಲ ತಟ್ಟಿ, ಅದರ ಜೊತೆ ಬಾಯಿಬಿಟ್ಟು "ಟ್ಯಾಪ್" ಅನ್ನಿ. ನೋವಿನಿಂದ ಕೂಗಿದರೂ ಟ್ಯಾಪ್ ಆದ ಹಾಗೆ. ಸ್ಪರ್ಧೆಯ ನಿಯಮವೂ ಅದೇ. ನಮ್ಮಲ್ಲಿ "ಯವ್ವಾ" ಅಂದರೂ ಬಿಡಬೇಕು.

ಟ್ಯಾಪ್ ನೋವಿಗಿಂತ ಮೊದಲು ಬರಬೇಕು. ಭುಜದ ಪಟ್ಟಿನಲ್ಲಿ ನೋವು ತಡವಾಗಿ ಬರುತ್ತದೆ. ಬರುವಷ್ಟರಲ್ಲಿ ಕೆಲಸ ಆಗಿರುತ್ತದೆ. ನಾನು ಕಲಿಯಲು ಶುರು ಮಾಡಿದ ವರ್ಷ ಒಂದು ಆರ್ಮ್‌ಬಾರ್‌ನಲ್ಲಿ ಟ್ಯಾಪ್ ಮಾಡಲಿಲ್ಲ. ಎದುರಿಗಿದ್ದವನು ನನಗಿಂತ ಸಣ್ಣ ಹುಡುಗ, ಸುತ್ತ ಜನ ನೋಡುತ್ತಿದ್ದರು. ಮೊಣಕೈಯಲ್ಲಿ ಟಕ್ ಅಂತು. ಆರು ವಾರ ಎಡಗೈಯಲ್ಲಿ ನೀರಿನ ತಂಬಿಗೆ ಎತ್ತಲು ಆಗಲಿಲ್ಲ. ಆ ಹುಡುಗನದು ಏನೂ ತಪ್ಪಿರಲಿಲ್ಲ, ಮೆಲ್ಲಗೇ ಒತ್ತಿದ್ದ.

ಅಭ್ಯಾಸ ಹೀಗೆ: ಜೊತೆಗಾರ ನಿಮ್ಮ ಕೈಯನ್ನು ಹಗುರಾಗಿ ಯಾವುದಾದರೂ ಪಟ್ಟಿನಲ್ಲಿ ಹಿಡಿಯಲಿ, ಒತ್ತದೆ ಇರಲಿ. ನೀವು ಟ್ಯಾಪ್ ಮಾಡಿ. ಅವನು ಆ ಕ್ಷಣಕ್ಕೆ ಬಿಡಬೇಕು. ಹತ್ತು ಸಲ ಮಾಡಿ, ಆಮೇಲೆ ಅದಲು ಬದಲು. ಬಿಡುವವನಿಗೂ ಇದು ಪಾಠ. ಒತ್ತುವಾಗ ಮನಸ್ಸಿನಲ್ಲಿ "ಒಂದು, ಎರಡು, ಮೂರು" ಎಣಿಸುತ್ತಾ ಮೂರಕ್ಕೆ ಪೂರ್ತಿ ಒತ್ತಡ ಬರಬೇಕು. ಒಂದೇ ಏಟಿಗೆ ಜಗ್ಗುವವನ ಜೊತೆ ಆಡಬೇಡಿ.

## ಹಂತ 2: ಜಾಗದಲ್ಲಿ ನಿಲ್ಲುವುದು

ಹೆಸರುಗಳು ನಾಲ್ಕು ಗೊತ್ತಿರಲಿ. ಎದುರಾಳಿ ಅಂಗಾತ ಮಲಗಿದ್ದು ನೀವು ಅವನ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತರೆ ಮೌಂಟ್. ಪಕ್ಕದಿಂದ ಅಡ್ಡಲಾಗಿ, ಎದೆಗೆ ಎದೆ ಒತ್ತಿ ಮಲಗಿದರೆ ಸೈಡ್ ಕಂಟ್ರೋಲ್. ಅವನ ಬೆನ್ನಿಗೆ ಅಂಟಿಕೊಂಡರೆ ಬ್ಯಾಕ್. ನೀವೇ ಕೆಳಗಿದ್ದು ಕಾಲುಗಳಿಂದ ಅವನ ಸೊಂಟ ಸುತ್ತಿದ್ದರೆ ಗಾರ್ಡ್.

ಮೊದಲ ಎರಡು ವಾರ ಯಾವ ಪಟ್ಟೂ ಬೇಡ. ಮೇಲೆ ಕೂತು ಒಂದು ನಿಮಿಷ ಬೀಳದೆ ಇರಿ, ಅಷ್ಟೇ. ಕೆಳಗಿನವನು ಸೊಂಟ ಎತ್ತಿ ಒಗೆಯಲು ನೋಡಲಿ, ಪಕ್ಕಕ್ಕೆ ಜಾರಲಿ. ಮೌಂಟ್, ಸೈಡ್ ಕಂಟ್ರೋಲ್, ಬ್ಯಾಕ್, ಮೂರರಲ್ಲೂ ಒಂದೊಂದು ನಿಮಿಷ, ಐದೈದು ಸುತ್ತು. ಬೇಜಾರಾಗುತ್ತದೆ, ನನಗೆ ಗೊತ್ತು. ಒಂದು ನಿಮಿಷ ನಿಲ್ಲಲು ಆಗದವನಿಗೆ ಆರ್ಮ್‌ಬಾರ್ ಹಾಕುವ ಆರು ಸೆಕೆಂಡೂ ಸಿಗುವುದಿಲ್ಲ.

ಕುಸ್ತಿಯಿಂದ ಬಂದವರು ಇಲ್ಲಿ ಎರಡು ಸಲ ಓದಬೇಕು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗೀತು. ಹಾಗಾಗಿ ಬೀಳುತ್ತಿದ್ದ ಹಾಗೆ ಬೋರಲಾಗಿ ಹೊರಳುವುದು ರಕ್ತದಲ್ಲೇ ಬಂದಿರುತ್ತದೆ. ಇಲ್ಲಿ ಬೆನ್ನು ತಾಗಿದರೆ ಏನೂ ಆಗುವುದಿಲ್ಲ. ಬೋರಲಾದರೆ ಮಾತ್ರ ಎದುರಾಳಿಗೆ ಬೆನ್ನು ಸಿಗುತ್ತದೆ, ಬೆನ್ನು ಸಿಕ್ಕರೆ ಕುತ್ತಿಗೆ ಸಿಗುತ್ತದೆ. ನಮ್ಮಲ್ಲಿ ಜಾತ್ರೆ ಕುಸ್ತಿಗಳಲ್ಲಿ ಬೆಳ್ಳಿ ಕಡಗ ಗೆದ್ದ ಪೈಲ್ವಾನರೊಬ್ಬರು ಮೊದಲ ತಿಂಗಳು ದಿನಕ್ಕೆ ಐದು ಸಲ ಹೀಗೇ ಸಿಕ್ಕಿಬೀಳುತ್ತಿದ್ದರು. "ಉಸ್ತಾದ್ರು ಇಪ್ಪತ್ತು ವರ್ಷ ಬೈದು ಕಲಿಸಿದ್ದು, ನೀವು ತಿಂಗಳಿಗೆ ಬಿಡು ಅಂತೀರಿ" ಅಂತ ನಕ್ಕರು. ಅದೇ ಪೈಲ್ವಾನರು ಮೇಲೆ ಕೂತರೆ ಮಾತ್ರ ಎಬ್ಬಿಸುವವರು ನಮ್ಮಲ್ಲಿ ಇಲ್ಲ. ಭಾರ ಹೇಗೆ ಹಾಕಬೇಕು ಅಂತ ಕುಸ್ತಿಯವರಿಗೆ ಹೇಳಿಕೊಡಬೇಕಿಲ್ಲ.

ಜೊತೆಗೆ ಒಂದು ಚಲನೆ ದಿನಾ ಮಾಡಿ. ಅಂಗಾತ ಮಲಗಿ, ಒಂದು ಪಾದ ಊರಿ, ಸೊಂಟವನ್ನು ಹಿಂದಕ್ಕೆ ಸರಿಸಿ ಮೈ ಓರೆ ಮಾಡುವುದು. ಇದಕ್ಕೆ ಶ್ರಿಂಪ್ ಅನ್ನುತ್ತಾರೆ. ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಎರಡು ಸಲ. ಕೆಳಗಿನಿಂದ ಹಾಕುವ ಎಲ್ಲ ಪಟ್ಟಿಗೂ ಇದು ಬೇಕು.

## ಹಂತ 3: ಅಮೆರಿಕಾನಾ

ಮೊದಲ ಪಟ್ಟು ಇದಾಗಲಿ. ಸೈಡ್ ಕಂಟ್ರೋಲ್‌ನಿಂದ ಹಾಕುತ್ತೇವೆ, ತಪ್ಪಿದರೂ ನೀವು ಮೇಲೆಯೇ ಉಳಿಯುತ್ತೀರಿ. ಹೊಸಬರಿಗೆ ಅದು ದೊಡ್ಡ ಅನುಕೂಲ.

ಅವನ ಆಚೆ ಕಡೆಯ ಕೈಯನ್ನು ಹಿಡಿಯಬೇಕು. ನಿಮ್ಮ ಎರಡು ಕೈಗಳಲ್ಲಿ ಅವನ ತಲೆ ಕಡೆ ಇರುವ ಕೈಯಿಂದ ಆ ಮಣಿಕಟ್ಟನ್ನು ನೆಲಕ್ಕೆ ಒತ್ತಿ. ಅವನ ಅಂಗೈ ಮೇಲೆ ನೋಡುತ್ತಿರಲಿ, ಮೊಣಕೈ ಮೂಲೆ ಹಾಗೆ ಮಡಿಚಿರಲಿ. ನಿಮ್ಮ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಐದೂ ಬೆರಳಿನಿಂದ ಅಮುಕಿ. ನಿಮ್ಮ ಮೊಣಕೈ ಅವನ ಕಿವಿ ಪಕ್ಕ ನೆಲಕ್ಕೆ ಇಳಿಯಲಿ. ಈಗ ಸೊಂಟದ ಕಡೆ ಇರುವ ಇನ್ನೊಂದು ಕೈಯನ್ನು ಅವನ ರಟ್ಟೆಯ ಕೆಳಗಿನಿಂದ ತೂರಿಸಿ ನಿಮ್ಮದೇ ಮಣಿಕಟ್ಟು ಹಿಡಿಯಿರಿ. ಬೀಗ ಬಿತ್ತು.

ಎದೆ ಭಾರ ತೆಗೆಯದೆ, ಅವನ ಕೈಯ ಹಿಂಭಾಗದಿಂದ ನೆಲ ಸಾರಿಸಿದ ಹಾಗೆ, ಮಣಿಕಟ್ಟನ್ನು ಅವನ ಸೊಂಟದ ಕಡೆ ಎಳೆಯಿರಿ. ಮೊಣಕೈ ಅವನ ಪಕ್ಕೆ ಹತ್ತಿರ ಬಂದ ಮೇಲೆ ಮಾತ್ರ ನಿಮ್ಮ ಕೆಳಗಿನ ಮುಂಗೈಯಿಂದ ಆ ಮೊಣಕೈಯನ್ನು ಮೆಲ್ಲಗೆ ಎತ್ತಿ.

ಮಾಮೂಲಿ ತಪ್ಪು ಒಂದೇ. ಸಾರಿಸುವುದನ್ನು ಬಿಟ್ಟು ನೇರ ಎತ್ತಲು ಹೋಗುತ್ತಾರೆ. ಆಗ ಅವನ ಮಣಿಕಟ್ಟು ನೆಲ ಬಿಡುತ್ತದೆ. ನೆಲ ಬಿಟ್ಟ ಮಣಿಕಟ್ಟು ಕಂಡರೆ ಎತ್ತುವುದು ನಿಲ್ಲಿಸಿ, ಮತ್ತೆ ಒತ್ತಿ, ಮತ್ತೆ ಸಾರಿಸಿ. ಇದು ಭುಜದ ಪಟ್ಟು, ಆದ್ದರಿಂದ ಅತಿ ಮೆಲ್ಲಗೆ.

## ಹಂತ 4: ರಿಯರ್ ನೇಕೆಡ್ ಚೋಕ್

ಹಿಂದಿನಿಂದ ಕುತ್ತಿಗೆಗೆ ಹಾಕುವ ಪಟ್ಟು. ಇದು ಉಸಿರು ಕಟ್ಟಿಸುವ ಪಟ್ಟು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಕುತ್ತಿಗೆಯ ಎರಡೂ ಪಕ್ಕ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಅವೆರಡನ್ನೂ ಒತ್ತುವುದು ಇಲ್ಲಿನ ಕೆಲಸ. ಮುಂದಿರುವ ಗಂಟಲ ನಾಳಕ್ಕೆ ಭಾರ ಬೀಳಬಾರದು. ಸರಿಯಾಗಿ ಕೂತರೆ ಹತ್ತು ಸೆಕೆಂಡಿನ ಒಳಗೇ ಪ್ರಜ್ಞೆ ತಪ್ಪಬಹುದು. ಅದಕ್ಕೇ ಕಲಿಸುವವರಿಲ್ಲದೆ ಬೇಡ ಅಂದಿದ್ದು.

ಮೊದಲು ಬೆನ್ನಿಗೆ ಅಂಟಿಕೊಳ್ಳಿ. ನಿಮ್ಮ ಎದೆ, ಅವನ ಬೆನ್ನು, ನಡುವೆ ಗಾಳಿ ಆಡಬಾರದು. ಒಂದು ಕೈ ಅವನ ಭುಜದ ಮೇಲಿಂದ, ಇನ್ನೊಂದು ಬಗಲ ಕೆಳಗಿನಿಂದ ಬಂದು ಅವನ ಎದೆ ಮೇಲೆ ಒಂದನ್ನೊಂದು ಹಿಡಿಯಲಿ, ಕಾರಿನ ಸೀಟ್ ಬೆಲ್ಟ್ ಹಾಗೆ. ಎರಡೂ ಪಾದ ಅವನ ತೊಡೆಯ ಒಳಗಡೆ ಕೊಕ್ಕೆ ಹಾಕಲಿ. ಪಾದಗಳನ್ನು ಮುಂದೆ ಒಂದರ ಮೇಲೊಂದು ಹೆಣೆಯಬೇಡಿ. ಹೆಣೆದ ಪಾದದ ಮೇಲೆ ಅವನು ತನ್ನ ಕಾಲು ಹಾಕಿ ಸೊಂಟ ಎತ್ತಿದರೆ ನಿಮ್ಮ ಪಾದವೇ ಸಿಕ್ಕಿಬೀಳುತ್ತದೆ.

ಈಗ ಭುಜದ ಮೇಲಿಂದ ಬಂದ ಕೈಯನ್ನು ಕುತ್ತಿಗೆ ಸುತ್ತ ಕಳಿಸಿ. ನಿಮ್ಮ ಮೊಣಕೈ ಅವನ ಗದ್ದದ ನೇರಕ್ಕೆ ಬರಬೇಕು. ಇದೇ ಇಲ್ಲಿನ ಅಳತೆ. ಮೊಣಕೈ ಪಕ್ಕಕ್ಕೆ ಉಳಿದರೆ ಮುಂಗೈಯ ಎಲುಬು ಗಂಟಲ ಮೇಲೆ ಬಂದಿದೆ ಅಂತ ಅರ್ಥ. ಆ ಕೈಯ ಅಂಗೈಯನ್ನು ನಿಮ್ಮದೇ ಇನ್ನೊಂದು ರಟ್ಟೆಯ ಮೇಲೆ ಇಡಿ. ಇನ್ನೊಂದು ಕೈಯನ್ನು ಅವನ ತಲೆಯ ಹಿಂದೆ, ಕೂದಲು ಬಾಚಿಕೊಂಡ ಹಾಗೆ ಇಳಿಸಿ. ನಿಮ್ಮ ತಲೆ ಅವನ ತಲೆಗೆ ಒತ್ತಿರಲಿ.

ಹಿಂಡುವುದು ಹೇಗೆ? ಅಡಕತ್ತರಿ ನೆನಪಿಸಿಕೊಳ್ಳಿ. ಎರಡೂ ಮೊಣಕೈ ಒಂದರ ಕಡೆ ಒಂದು ಬರಬೇಕು, ಜೊತೆಗೆ ಎದೆ ತುಂಬ ಉಸಿರು ತಗೊಂಡು ಎದೆ ಉಬ್ಬಿಸಬೇಕು. ಇಷ್ಟೇ. ಅವನ ತಲೆಯನ್ನು ಹಿಂದಕ್ಕೆ ಜಗ್ಗಬೇಡಿ, ಪಕ್ಕಕ್ಕೆ ತಿರುಚಬೇಡಿ.

ಅವನು ಕೆಮ್ಮಿದರೆ, ಗಂಟಲಲ್ಲಿ ಗರ್ ಅಂದರೆ, ಒತ್ತಡ ತಪ್ಪು ಜಾಗದಲ್ಲಿದೆ. ಬಿಟ್ಟು ಮೊಣಕೈ ಮತ್ತೆ ಹೊಂದಿಸಿ. ಅವನು ಗದ್ದ ಕೆಳಗೆ ಅಮುಕಿಕೊಂಡಿದ್ದರೆ ದವಡೆ ಮೇಲೆಯೇ ಹಿಂಡುವವರಿದ್ದಾರೆ. ನೋವಿಗೆ ಟ್ಯಾಪ್ ಸಿಗಬಹುದು. ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಗಾರನ ಹಲ್ಲು ನೋಯಿಸಿ ಕಲಿಯುವುದು ಏನೂ ಇಲ್ಲ. ಬೆನ್ನು ಬಿಡದೆ ಕಾಯಿರಿ, ಅವನು ನಿಮ್ಮ ಕೈ ಬಿಡಿಸಲು ತಲೆ ಎತ್ತುತ್ತಾನೆ.

ಮೊದಲ ಒಂದು ತಿಂಗಳು ಹಿಂಡುವುದು ಬೇಡ. ಕೈ ಸರಿಯಾಗಿ ಕೂತಿತು ಅಂದ ಕೂಡಲೇ ಜೊತೆಗಾರ ಟ್ಯಾಪ್ ಮಾಡಲಿ.

## ಹಂತ 5: ಮೌಂಟ್‌ನಿಂದ ಆರ್ಮ್‌ಬಾರ್

ಮೊದಲು ಹೇಳಿದ ಎಂಬತ್ತು ಕಿಲೋ ಹುಡುಗ ಜಾರಿದ್ದು ಇಲ್ಲೇ. ನಾಲ್ಕರಲ್ಲಿ ಜಾಸ್ತಿ ಜನ ಸೋಲುವುದು ಇದರಲ್ಲಿ, ಹಾಗಾಗಿ ತುಂಡು ತುಂಡು ಮಾಡಿ ಹೇಳುತ್ತೇನೆ.

ಏರುವುದು. ಹೊಟ್ಟೆ ಮೇಲೆ ಕೂತಿದ್ದರೆ ಅವನ ಸೊಂಟದ ಬಲ ನಿಮ್ಮನ್ನು ಎತ್ತಿ ಒಗೆಯುತ್ತದೆ. ಮೊಣಕಾಲುಗಳನ್ನು ಒಂದೊಂದೇ ಮೇಲಕ್ಕೆ ಸರಿಸುತ್ತಾ ಅವನ ಬಗಲ ತನಕ ಬನ್ನಿ. ಈಗ ಅವನ ಮೊಣಕೈಗಳು ಪಕ್ಕೆಯಿಂದ ದೂರ ಆಗಿರುತ್ತವೆ.

ಕೈ ಆರಿಸುವುದು. ಇಷ್ಟು ಮೇಲೆ ಬಂದರೆ ಅವನು ನಿಮ್ಮ ಎದೆಯನ್ನು ತಳ್ಳುತ್ತಾನೆ. ತಳ್ಳಲಿ. ನಿಮ್ಮ ಎರಡೂ ಅಂಗೈಯನ್ನು ಅವನ ಎದೆ ಮೇಲೆ ಊರಿ. ನಿಮಗೆ ಬೇಕಾದ ಕೈ ನಿಮ್ಮ ಎರಡು ಕೈಗಳ ನಡುವೆ ಸಿಕ್ಕಿರಬೇಕು. ಭಾರ ಪೂರ್ತಿ ಅಂಗೈ ಮೇಲೆ.

ತಿರುಗುವುದು. ಮೈಯನ್ನು ಪಕ್ಕಕ್ಕೆ ತಿರುಗಿಸಿ. ಹಿಡಿದ ಕೈ ಯಾವ ಕಡೆ ಇದೆಯೋ ಆ ಕಡೆಯ ನಿಮ್ಮ ಕಾಲು ಅವನ ತಲೆ ಮೇಲಿಂದ ದಾಟಬೇಕು. ಇನ್ನೊಂದು ಕಾಲಿನ ಮೊಣಕಾಲು ಎದ್ದಿರಲಿ, ಪಾದ ಆಚೆ ಪಕ್ಕೆಗೆ ಅಂಟಿರಲಿ. ತಲೆ ದಾಟುವ ಕಾಲು ಅವಸರದಲ್ಲಿ ಅವನ ಮೂಗಿಗೆ ಬಡಿಯದ ಹಾಗೆ ನೋಡಿಕೊಳ್ಳಿ. ನಮ್ಮಲ್ಲಿ ಆಗಿರುವ ಗಾಯಗಳಲ್ಲಿ ಜಾಸ್ತಿ ಇದೇ.

ಕೂರುವುದು. ಬೀಳಬೇಡಿ, ಕೂರಿ. ಪಾಯಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತ ಹಾಗೆ ಇಳಿಯಿರಿ, ಹೋಲಿಕೆ ಚೆನ್ನಾಗಿಲ್ಲ, ಆದರೆ ಸರಿಯಾಗಿ ಅರ್ಥ ಆಗುತ್ತದೆ. ನಿಮ್ಮ ಕುಂಡಿ ಅವನ ಭುಜಕ್ಕೆ ತಾಗಬೇಕು. ಆ ಕೈಯನ್ನು ಎರಡೂ ತೋಳಿನಿಂದ ಎದೆಗೆ ಅಪ್ಪಿಕೊಂಡಿರಿ.

ನಿಂತು ನೋಡುವುದು. ಹಿಂದಕ್ಕೆ ಮಲಗುವ ಮೊದಲು ಒಂದು ಕ್ಷಣ ನಿಲ್ಲಿ. ಎರಡು ಮೊಣಕಾಲು ಒಂದಕ್ಕೊಂದು ಬಿಗಿಯಾಗಿವೆಯಾ? ಅವನ ಮೊಣಕೈ ನಿಮ್ಮ ತೊಡೆಸಂದಿನಿಂದ ಮೇಲಕ್ಕೆ, ನಿಮ್ಮ ಹೊಟ್ಟೆ ಕಡೆ ಬಂದಿದೆಯಾ? ನಾವು ಒಂದು ಪರೀಕ್ಷೆ ಮಾಡುತ್ತೇವೆ. ಮೂರನೆಯವನೊಬ್ಬ ಬಂದು ನಿಮ್ಮ ಕುಂಡಿ ಮತ್ತು ಅವನ ಭುಜದ ನಡುವೆ ಅಂಗೈ ತೂರಿಸಲು ನೋಡಲಿ. ಅಂಗೈ ಹೋದರೆ ಮೊಣಕೈಯೂ ಹೋಗುತ್ತದೆ. ಎದ್ದು ಮೊದಲಿಂದ ಶುರು ಮಾಡಿ.

ಮಲಗುವುದು, ಒತ್ತುವುದು. ಈಗ ಬೆನ್ನು ನೆಲಕ್ಕೆ ಇಳಿಸಿ. ಅವನ ಹೆಬ್ಬೆರಳು ಸೂರು ನೋಡುತ್ತಿರಲಿ, ಕಿರುಬೆರಳು ನಿಮ್ಮ ಎದೆ ಕಡೆ ಇರಲಿ. ಹಿಮ್ಮಡಿಗಳನ್ನು ನೆಲದ ಕಡೆ ಒತ್ತಿ, ಇಲ್ಲದಿದ್ದರೆ ಅವನು ಎದ್ದು ಕೂರುತ್ತಾನೆ. ಅವನ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಸೊಂಟವನ್ನು ಮೇಲಕ್ಕೆತ್ತಿ, ನಾಲ್ಕು ಬೆರಳಿನಷ್ಟು. ಅಷ್ಟಕ್ಕೇ ಟ್ಯಾಪ್ ಬರಬೇಕು. ಬರದಿದ್ದರೆ ಇನ್ನೂ ಜೋರು ಮಾಡುವುದು ದಾರಿಯಲ್ಲ, ಹೆಬ್ಬೆರಳು ಎಲ್ಲಿ ನೋಡುತ್ತಿದೆ ಅಂತ ಪರೀಕ್ಷಿಸಿ.

ಅವನು ಎರಡೂ ಕೈ ಹೆಣೆದು ಗಟ್ಟಿಯಾಗಿ ಹಿಡಿದರೆ? ಮುಂಗೈ ಬಲದಿಂದ ಜಗ್ಗಾಡಬೇಡಿ, ಎರಡು ನಿಮಿಷಕ್ಕೆ ನಿಮ್ಮ ಕೈಯೇ ಸೋತುಹೋಗುತ್ತದೆ. ನಿಮ್ಮ ಮೊಣಕೈಯ ಒಳಮಡಿಕೆಯನ್ನು ಅವನ ಮೊಣಕೈ ಒಳಗೆ ಹೂಡಿ, ಬೆನ್ನನ್ನು ಹಿಂದಕ್ಕೆ ವಾಲಿಸಿ. ಮೈಭಾರ ತನ್ನ ಕೆಲಸ ಮಾಡುತ್ತದೆ. ಹೆಣಿಗೆ ಬಿಚ್ಚುವ ಕ್ಷಣ ಅಪಾಯದ ಕ್ಷಣ. ನೇರ ಆದ ಕೈ ಮೇಲೆ ನಿಮ್ಮ ಪೂರ್ತಿ ಭಾರ ಒಮ್ಮೆಲೇ ಬೀಳುತ್ತದೆ. ಅಲ್ಲೇ ತಡೆದು, ಮತ್ತೆ ಒಂದು ಎರಡು ಮೂರು ಎಣಿಸಿ.

## ಹಂತ 6: ಗಾರ್ಡ್‌ನಿಂದ ಕಿಮುರಾ

ನೀವು ಕೆಳಗಿದ್ದೀರಿ, ಕಾಲು ಅವನ ಸೊಂಟ ಸುತ್ತಿದೆ, ಅವನು ಒಂದು ಕೈ ನೆಲಕ್ಕೆ ಊರಿದ. ಅದೇ ಸಂದರ್ಭ. ಕೈ ಊರದಿದ್ದರೆ ಈ ಪಟ್ಟನ್ನು ಹುಡುಕಿಕೊಂಡು ಹೋಗಬೇಡಿ.

ಅವನ ಬಲಗೈ ಊರಿದ್ದರೆ ಅದು ನಿಮ್ಮ ಎಡಕ್ಕಿರುತ್ತದೆ. ಎಡಗೈಯಿಂದ ಆ ಮಣಿಕಟ್ಟು ಹಿಡಿಯಿರಿ. ಕಾಲಿನ ಬೀಗ ಬಿಚ್ಚಿ, ಓರೆಯಾಗಿ ಎದ್ದು ಕೂತು, ನಿಮ್ಮ ಬಲಗೈಯನ್ನು ಅವನ ಭುಜದ ಮೇಲಿಂದ ಹಾಕಿ ರಟ್ಟೆ ಸುತ್ತಿ ತಂದು ನಿಮ್ಮದೇ ಎಡ ಮಣಿಕಟ್ಟು ಹಿಡಿಯಿರಿ. ಮತ್ತೆ ಮಲಗಿ, ಶ್ರಿಂಪ್ ಮಾಡಿ ಸೊಂಟ ಓರೆ ಮಾಡಿ, ಅವನು ಮುಂದಕ್ಕೆ ಉರುಳದ ಹಾಗೆ ನಿಮ್ಮ ಒಂದು ಕಾಲು ಅವನ ಬೆನ್ನ ಮೇಲೆ ಹಾಕಿ. ಅವನ ಕೈ ಮೂಲೆ ಹಾಗೆ ಮಡಿಚಿಯೇ ಇರಲಿ. ಮಣಿಕಟ್ಟನ್ನು ಅವನ ಬೆನ್ನ ಹಿಂದೆ ತಲೆಯ ಕಡೆಗೆ ಮೆಲ್ಲಗೆ ಸರಿಸಿ.

ಸೊಂಟ ಓರೆ ಮಾಡದೆ ಅಂಗಾತವೇ ಮಲಗಿ ತಿರುಚಲು ಹೋಗುವುದು ಇಲ್ಲಿನ ತಪ್ಪು. ಇದೂ ಭುಜದ್ದೇ. ಅಮೆರಿಕಾನಾಗೆ ಹೇಳಿದ ಎಚ್ಚರವೆಲ್ಲ ಇಲ್ಲಿಗೂ.

## ಸದ್ಯಕ್ಕೆ ಬೇಡವಾದವು

ಟ್ರಯಾಂಗಲ್ ಬಗ್ಗೆ ಎಲ್ಲರೂ ಕೇಳುತ್ತಾರೆ, ನೋಡಲು ಚೆಂದ ಅಲ್ವಾ. ಕಾಲಿನಿಂದ ಕುತ್ತಿಗೆ ಸುತ್ತುವ ಪಟ್ಟು ಅದು. ಹೊಸಬರು ಮೊಣಕಾಲಿನ ಮಡಿಕೆಯನ್ನು ಇನ್ನೊಂದು ಕಾಲಿನ ಬೆರಳುಗಳ ಮೇಲೆ ಹಾಕಿ ಹಿಂಡುತ್ತಾರೆ. ಅದು ಹಿಮ್ಮಡಿ ಗಂಟಿನ ಮೇಲೆ ಬೀಳಬೇಕು, ಇಲ್ಲದಿದ್ದರೆ ನಿಮ್ಮದೇ ಪಾದ ಉಳುಕುತ್ತದೆ. ನಾಲ್ಕು ತಿಂಗಳು ಕಾಯಿರಿ.

ಹೀಲ್ ಹುಕ್ ಬೇಡವೇ ಬೇಡ. ಹಿಮ್ಮಡಿ ತಿರುಚಿದರೆ ಹರಿಯುವುದು ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಪಟ್ಟಿಗಳು, ನೋವು ಗೊತ್ತಾಗುವುದು ಹರಿದ ಮೇಲೆ. ಈ ಆಟದ ಸ್ಪರ್ಧೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್‌ನ ನಿಯಮದಲ್ಲೂ ಬಿಳಿ ಬೆಲ್ಟ್‌ನವರಿಗೆ, ಅಂದರೆ ಹೊಸಬರಿಗೆ, ಹೀ‌ಲ್ ಹುಕ್, ನೀಬಾರ್ (ಮೊಣಕಾಲಿನ ಪಟ್ಟು), ಟೋ ಹೋಲ್ಡ್ (ಪಾದ ತಿರುಚುವ ಪಟ್ಟು), ರಿಸ್ಟ್ ಲಾಕ್ (ಮಣಿಕಟ್ಟಿನ ಪಟ್ಟು) ಯಾವುದೂ ಇಲ್ಲ. ವಿಡಿಯೊದಲ್ಲಿ ನೋಡಿ ಬಂದು "ಒಮ್ಮೆ ಟ್ರೈ ಮಾಡ್ತೀನ್ರಿ" ಅನ್ನುವವರನ್ನು ನಾವು ಮ್ಯಾಟ್‌ನಿಂದ ಇಳಿಸುತ್ತೇವೆ.

## ಹಂತ 7: ಎದುರಾಳಿ ಒದ್ದಾಡಲು ಬಿಡುವುದು

ಸುಮ್ನೆ ಮಲಗಿದವನ ಮೇಲೆ ನೂರು ಸಲ ಹಾಕಿದ ಪಟ್ಟು, ಒದ್ದಾಡುವವನ ಮೇಲೆ ಒಂದು ಸಲವೂ ಬೀಳದೆ ಇರಬಹುದು. ಹಾಗಂತ ಮೊದಲ ದಿನವೇ ಪೂರ್ತಿ ಬಲ ಬೇಡ.

ಯಾವ ಪಟ್ಟೇ ಆಗಲಿ, ಅದನ್ನು ಶುರು ಮಾಡಿದ ಮೊದಲ ವಾರ ಜೊತೆಗಾರ ಏನೂ ತಡೆಯುವುದಿಲ್ಲ. ಎರಡೂ ಕಡೆ ಹತ್ತತ್ತು ಸಲ. ಎಡಗಡೆಯದನ್ನು ಬಿಡಬೇಡಿ, ಎಲ್ಲರೂ ಬಿಡುತ್ತಾರೆ. ಎರಡನೇ ವಾರ ಅವನು ಒಂದೇ ಒಂದು ತಡೆ ಒಡ್ಡಲಿ: ಕೈ ಹೆಣೆಯುವುದು, ಅಥವಾ ಗದ್ದ ಅಮುಕುವುದು. ಮೂರನೇ ವಾರ ಅರ್ಧ ಬಲ. ಆಮೇಲೆ ಮೂರು ನಿಮಿಷದ ಸುತ್ತು, ಆದರೆ ಶುರು ಆ ಜಾಗದಿಂದಲೇ. ಆರ್ಮ್‌ಬಾರ್ ಅಭ್ಯಾಸವಾದರೆ ಮೌಂಟ್‌ನಿಂದ ಶುರು. ಟ್ಯಾಪ್ ಆದರೂ ತಪ್ಪಿಸಿಕೊಂಡರೂ ಮತ್ತೆ ಮೌಂಟ್‌ಗೇ ಬನ್ನಿ.

ಭಾರದ ಲೆಕ್ಕವೂ ಇರಲಿ. ಮೊದಲ ಎರಡು ತಿಂಗಳು ನಿಮಗಿಂತ ಹತ್ತು ಕಿಲೋಗಿಂತ ಜಾಸ್ತಿ ಹೆಚ್ಚುಕಮ್ಮಿ ಇರುವವರ ಜೊತೆ ಪೂರ್ತಿ ಆಟ ಬೇಡ.

## ಆಟ ನಿಲ್ಲಿಸಬೇಕಾದ ಲಕ್ಷಣಗಳು

ಚೋಕ್‌ನಲ್ಲಿ ಸಿಕ್ಕವನಿಗೆ: ಕಣ್ಣಂಚು ಕಪ್ಪಾಗುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಮಾತು ದೂರದಿಂದ ಕೇಳಿದ ಹಾಗಾಗುವುದು. ಇದರಲ್ಲಿ ಒಂದು ಬಂದರೂ ಟ್ಯಾಪ್.

ಹಾಕಿದವನಿಗೆ: ಒದ್ದಾಡುತ್ತಿದ್ದ ಮೈ ಒಮ್ಮೆಲೇ ಸಡಿಲಾದರೆ, ಗೊರಕೆ ಹಾಗೆ ಸದ್ದು ಬಂದರೆ, ಟ್ಯಾಪ್ ಬಂದಿಲ್ಲ ಅಂತ ಕಾಯಬೇಡಿ. ಬಿಡಿ.

ಪ್ರಜ್ಞೆ ತಪ್ಪಿದವನನ್ನು ಅಂಗಾತ ಮಲಗಿಸಿ, ಕಾಲನ್ನು ಸ್ವಲ್ಪ ಎತ್ತಿ ಹಿಡಿಯಿರಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು, ಕೆನ್ನೆಗೆ ಹೊಡೆಯುವುದು ಯಾವುದೂ ಬೇಡ. ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಎಚ್ಚರ ಆಗುತ್ತದೆ. ಅರ್ಧ ನಿಮಿಷ ಕಳೆದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರಾಟ ಸರಿಯಿಲ್ಲ ಅನಿಸಿದರೆ ಅಷ್ಟೂ ಕಾಯಬೇಡಿ. ಎದ್ದವನು ಅವತ್ತು ಮತ್ತೆ ಆಡುವ ಹಾಗಿಲ್ಲ, ಬೈಕ್ ಓಡಿಸಿಕೊಂಡು ಮನೆಗೆ ಹೋಗುವ ಹಾಗೂ ಇಲ್ಲ.

ಚೋಕ್ ಆದ ಮೇಲೆ, ಅಂದೇ ಆಗಲಿ ಎರಡು ಮೂರು ದಿನ ಬಿಟ್ಟಾಗಲಿ, ಕುತ್ತಿಗೆಯ ಒಂದು ಪಕ್ಕ ಜೋರು ನೋವು, ತಲೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಇಲ್ಲದಾಗುವುದು ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಕುತ್ತಿಗೆಗೆ ಪಟ್ಟು ಬಿದ್ದಿತ್ತು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ರಕ್ತನಾಳದ ಒಳಪದರ ಹರಿದಿರುವ ಸಾಧ್ಯತೆ ಇರುತ್ತದೆ. ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ ಗಂಟಲಿಗೆ ಪೆಟ್ಟಾಗಿರಬಹುದು, ಆಗಲೂ ಆಸ್ಪತ್ರೆಗೆ ಹೋಗಿ.

ಕೀಲಿನಲ್ಲಿ ಟಕ್ ಅಂದರೆ, ನೋವು ಇರಲಿ ಬಿಡಲಿ, ಅವತ್ತಿನ ಆಟ ಮುಗೀತು. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಮರುದಿನ ಬಾವು ಇಳಿಯದಿದ್ದರೆ, ಕೈ ಪೂರ್ತಿ ನೇರ ಆಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ಜಗ್ಗಿ ಕೂರಿಸುವವರ ಹತ್ತಿರ ಮಾತ್ರ ಹೋಗಬೇಡಿ.

## ವಹಿ ಇಡಿ

ಆಟ ಮುಗಿದ ಮೇಲೆ ಮನೆಗೆ ಹೋಗುವ ಮೊದಲು ಎರಡು ಸಾಲು ಬರೆಯಿರಿ: ಯಾವ ಪಟ್ಟು, ಯಾವ ಹಂತದಲ್ಲಿ ತಪ್ಪಿತು. "ಆರ್ಮ್‌ಬಾರ್ ಆಗಲಿಲ್ಲ" ಅಂತ ಬರೆದರೆ ಉಪಯೋಗ ಇಲ್ಲ. ತಿರುಗುವಾಗ ತಪ್ಪಿತಾ, ಕೂರುವಾಗ ತಪ್ಪಿತಾ, ಅದು ಬೇಕು. ಒಂದೇ ತುಂಡು ಮೂರು ಸಲ ಬಂದರೆ ಮುಂದಿನ ವಾರ ಅದನ್ನಷ್ಟೇ ಆಡಿ. ಅರ್ಧ ಬಲದ ಆಟದಲ್ಲಿ ಐದಕ್ಕೆ ಮೂರು ಸಲ ಪಟ್ಟು ಕೂತರೆ ಮುಂದಿನ ಹಂತಕ್ಕೆ ಹೋಗಬಹುದು.

ಎಂಬತ್ತು ಕಿಲೋ ಹುಡುಗನ ವಹಿಯಲ್ಲಿ ನಾಲ್ಕು ವಾರ ಸಾಲಾಗಿ "ಕೂಡೂದು ತಪ್ಪಿತು" ಅಂತಲೇ ಇತ್ತು. ಐದನೇ ವಾರ "ಕುಂತೆ. ಮಕ್ಕೊಳ್ಳುವಾಗ ಹೆಬ್ಬಟ್ಟು ತಿರುಗಿತು" ಅಂತ ಬರೆದಿದ್ದಾನೆ.